ಎಂಟನೇ ತರಗತಿ ಮಟ್ಟದ ಪರೀಕ್ಷೆಗೆ ಕೂರುವ ದೊಡ್ಡವರಿಗೆ ಮೊದಲು ಪ್ರಶ್ನೆ ಓದುವುದನ್ನು ಕಲಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಸೆಪ್ಟೆಂಬರ್ 8ರ ಅಂತರರಾಷ್ಟ್ರೀಯ ಸಾಕ್ಷರತಾ ದಿನ ಬಂತೆಂದರೆ ಸ್ಲೇಟು ಹಿಡಿದ ಅಜ್ಜಿಯರ, ಮೊದಲ ಸಲ ರುಜು ಹಾಕಿದ ಅಜ್ಜಂದಿರ ಚಿತ್ರಗಳು ಪತ್ರಿಕೆಗಳಲ್ಲಿ ಕಾಣುತ್ತವೆ. ಅವನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಹೆಸರು ಬರೆಯುವುದು, ಬಸ್ಸಿನ ಬೋರ್ಡು ಓದುವುದು, ಸಣ್ಣಪುಟ್ಟ ಕೂಡು-ಕಳೆ ಲೆಕ್ಕ ಮಾಡುವುದು ಇಷ್ಟನ್ನು ದಾಟಿ ಮುಂದಕ್ಕೆ ಬಂದು, ಎಂಟನೇ ತರಗತಿಗೆ ಸಮಾನವಾದ ಪರೀಕ್ಷೆ ಬರೆಯಬೇಕೆಂದು ಹೊರಟವರ ಚಿತ್ರ ಎಲ್ಲಿಯೂ ಬರುವುದಿಲ್ಲ, ಅವರ ಕಷ್ಟವೇನು ಎಂಬ ಸುದ್ದಿಯೂ ಬರುವುದಿಲ್ಲ. ಅವರ ಪರವಾಗಿ ನಾಲ್ಕು ಮಾತು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಕೊಡಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಕಳೆದ ಕೆಲವು ವರ್ಷಗಳಿಂದ ಸಿದ್ದಾಪುರದ ಹತ್ತಿರ ಸಂಜೆ ಹೊತ್ತು ದೊಡ್ಡವರಿಗೆ ಪಾಠ ಹೇಳುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನ್‌ಮನೆಯವರು ಮತ್ತು ಹಾಡಿಯವರು (ಬುಡಕಟ್ಟು ಜನರ ವಸತಿಯವರು), ನಾಲ್ಕನೆಯ, ಐದನೆಯ ಅಥವಾ ಆರನೆಯ ತರಗತಿಯಲ್ಲಿ ಶಾಲೆ ಬಿಟ್ಟವರು.

ವ್ಯವಸ್ಥೆ ಏನಿದೆ ಎಂಬುದನ್ನು ಮೊದಲು ತಿಳಿಸುತ್ತೇನೆ, ಏಕೆಂದರೆ ಬಹಳ ಜನಕ್ಕೆ ಇದರ ಅರಿವಿಲ್ಲ. ಕೇಂದ್ರ ಸರ್ಕಾರ 2022ರಿಂದ 2027ರ ವರೆಗಿನ ಅವಧಿಗೆ ರೂಪಿಸಿರುವ ನವ ಭಾರತ ಸಾಕ್ಷರತಾ ಕಾರ್ಯಕ್ರಮವನ್ನು ಈಗ ‘ಉಲ್ಲಾಸ್’ ಎಂಬ ಹೆಸರಿನಿಂದ ಕರೆಯುತ್ತಾರೆ. 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗಾಗಿ ಇರುವ ಈ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯದ ಮೂಲಕ ನಡೆಯುತ್ತದೆ. ಇದರಲ್ಲಿ ಐದು ಅಂಗಗಳಿವೆ: ಅಕ್ಷರ ಮತ್ತು ಸಂಖ್ಯಾಜ್ಞಾನ, ಜೀವನ ಕೌಶಲ, ವೃತ್ತಿ ಕೌಶಲ, ಮೂಲ ಶಿಕ್ಷಣ, ಮುಂದುವರಿಕೆ ಶಿಕ್ಷಣ. ಮೊದಲನೆಯದಕ್ಕೆ ಓದು, ಬರಹ, ಲೆಕ್ಕ ಮೂರಕ್ಕೂ ತಲಾ 50ರಂತೆ 150 ಅಂಕಗಳ ಪರೀಕ್ಷೆ ಇದೆ. ಸುದ್ದಿಯಲ್ಲಿ ನಾವು ಕಾಣುವುದು ಇದನ್ನೇ. ನಾಲ್ಕನೆಯ ಅಂಗವಾದ ಮೂಲ ಶಿಕ್ಷಣದಲ್ಲಿ ಮೂರರಿಂದ ಐದು, ಆರರಿಂದ ಎಂಟು, ಆಮೇಲೆ ಒಂಬತ್ತರಿಂದ ಹನ್ನೆರಡನೇ ತರಗತಿಗೆ ಸಮಾನವಾದ ಹಂತಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿಯೂ ಮೂಲ ಶಿಕ್ಷಣಕ್ಕೆ ಎ, ಬಿ, ಸಿ ಎಂಬ ಮೂರು ಹಂತಗಳಿದ್ದು, ಅವು ಕ್ರಮವಾಗಿ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮಾನ. ನಾನು ಈ ಪತ್ರದಲ್ಲಿ ಹೇಳುತ್ತಿರುವುದು ಆರರಿಂದ ಎಂಟರ ಈ ಹಂತದ ತಯಾರಿಯ ಬಗ್ಗೆ. ಕಾಗದದ ಮೇಲೆ ಮೆಟ್ಟಿಲು ಇದೆ. ಆ ಮೆಟ್ಟಿಲು ಹತ್ತುವವರ ಕೈ ಹಿಡಿಯುವವರು ಊರಿನಲ್ಲಿ ಇಲ್ಲ.

ಅಂಕಿಅಂಶವೇ ನಮ್ಮ ಜಿಲ್ಲೆಗೆ ಅಡ್ಡಿಯಾಗಿದೆಯೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇ 82.61 ಇತ್ತು, ರಾಜ್ಯದ್ದು ಶೇ 75.36. ಹಿಂದೆ 2009ರಲ್ಲಿ ಆರಂಭವಾದ ಸಾಕ್ಷರ ಭಾರತ ಕಾರ್ಯಕ್ರಮ ಮುಖ್ಯವಾಗಿ ವಯಸ್ಕ ಮಹಿಳೆಯರ ಸಾಕ್ಷರತೆ ಶೇ 50 ದಾಟದ ಜಿಲ್ಲೆಗಳನ್ನು ಆರಿಸಿಕೊಂಡಿತ್ತು, ಆ ಅಳತೆಗೆ ಕೊಡಗು ಸಿಕ್ಕುವಂತಿರಲಿಲ್ಲ. ಮಡಿಕೇರಿಯ ಮನೆಯನ್ನೂ ತಿತಿಮತಿಯ ಹಾಡಿಯನ್ನೂ ಒಂದೇ ಸರಾಸರಿಯಲ್ಲಿ ಸೇರಿಸಿಬಿಟ್ಟರೆ ಹಾಡಿ ಕಾಣದೆ ಹೋಗುತ್ತದೆ. ಕಡ್ಡಾಯ ಶಿಕ್ಷಣದ ಹಕ್ಕು ಕೂಡ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತ್ರ. ಆ ಕಾಯ್ದೆ ಜಾರಿಗೆ ಬಂದ 2010ರ ಏಪ್ರಿಲ್ ಹೊತ್ತಿಗೆ ಆ ವಯಸ್ಸು ದಾಟಿ, ಕಣದಲ್ಲಿ ಕಾಫಿ ಹರವುತ್ತಿದ್ದ ಹುಡುಗ ಹುಡುಗಿಯರಿಗೆ ಈಗ ಮೂವತ್ತು ಆಗಿದೆ. ನಮ್ಮ ತರಗತಿಗೆ ಬರುವವರು ಅವರೇ.

ಎಂಟನೇ ತರಗತಿಯ ಪ್ರಮಾಣಪತ್ರ ಇವರಿಗೆ ಯಾಕೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ವೈರ್‌ಮನ್, ವೆಲ್ಡರ್‌ನಂತಹ ಕೆಲವು ಐಟಿಐ ವೃತ್ತಿಗಳಿಗೆ ಸೇರಲು ಎಂಟನೇ ತರಗತಿ ಸಾಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಕ್ಕೆ 10 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 5 ಲಕ್ಷ ರೂಪಾಯಿ ಮೀರಿದ ಯೋಜನೆಗೆ ಸಾಲ ಕೇಳಬೇಕಾದರೆ ಎಂಟನೇ ತರಗತಿ ಪಾಸಾಗಿರಬೇಕು. ಇವು ಕಾಗದದಲ್ಲಿರುವ ಕಾರಣಗಳು. ತೋಟದಲ್ಲಿ ಇರುವ ಕಾರಣ ಬೇರೆ. ದಿನಾ ಬೆಳಿಗ್ಗೆ ಹಾಜರಿ ಹಾಕಿ, ಸಂಜೆ ಚೀಲ ತೂಗಿ, ಯಾರು ಎಷ್ಟು ಕೆ.ಜಿ. ಕುಯ್ದರು ಎಂದು ಪುಸ್ತಕದಲ್ಲಿ ಬರೆಯುವವರು ರೈಟರ್. ಇಪ್ಪತ್ತು ವರ್ಷ ಆ ತೋಟದ ಗಿಡಗಿಡವನ್ನೂ ಬಲ್ಲ ಆಳು ರೈಟರ್ ಆಗುವುದಿಲ್ಲ, ಎಲ್ಲಿಂದಲೋ ಬಂದ, ನಾಲ್ಕಕ್ಷರ ಹೆಚ್ಚು ಓದಿದ ಹುಡುಗ ಆಗುತ್ತಾನೆ. ಇನ್ನು ಹೆಂಗಸರು ಹೇಳುವುದು ಮತ್ತೊಂದು. ಮಗ ಏಳನೇ ತರಗತಿಗೆ ಬಂದ ಮೇಲೆ ಅವನ ಪುಸ್ತಕ ತನಗೆ ಅರ್ಥವಾಗುತ್ತಿಲ್ಲ, ಅವನು ಓದುತ್ತಿದ್ದಾನೋ ಸುಮ್ಮನೆ ಪುಟ ತಿರುವುತ್ತಿದ್ದಾನೋ ಎಂದೂ ಗೊತ್ತಾಗುತ್ತಿಲ್ಲ ಎಂದು ಒಬ್ಬರು ಹೇಳಿದ್ದರು. ಅದಕ್ಕಿಂತ ಗಟ್ಟಿಯಾದ ಕಾರಣ ಬೇಕೆಂದು ನನಗೆ ಅನಿಸುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ನಾನು ಪಾಠವನ್ನು ಶಾಲೆಯಲ್ಲಿ ಮಾಡಿದ ಹಾಗೆಯೇ ಮಾಡಿದೆ. ಶೇಕಡಾವಾರು, ಅನುಪಾತ, ಬಡ್ಡಿ, ವಿಸ್ತೀರ್ಣ ಎಂದು ಒಂದೊಂದೇ ಅಧ್ಯಾಯ ಮುಗಿಸಿ, ಕೊನೆಯಲ್ಲಿ ಒಂದು ಮಾದರಿ ಪರೀಕ್ಷೆ ಕೊಟ್ಟೆ. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು: ‘ಒಂದು ದ್ರಾವಣವನ್ನು 100 ಲೀಟರ್ ನೀರಿಗೆ 1 ಕೆ.ಜಿ. ಲವಣದ ಪ್ರಮಾಣದಲ್ಲಿ ತಯಾರಿಸಲಾಗುತ್ತದೆ. 200 ಲೀಟರ್ ನೀರಿಗೆ ಅಗತ್ಯವಿರುವ ಲವಣದ ಪ್ರಮಾಣವನ್ನು ಕಂಡುಹಿಡಿಯಿರಿ.’ ತೋಟದಲ್ಲಿ ಮದ್ದು ಹೊಡೆಯುವ ಕೆಲಸ ಮಾಡುವ, ನಲವತ್ತು ದಾಟಿದ ಒಬ್ಬರು ಆ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದರು. ಕಾಗದ ವಾಪಸು ಕೊಡುವಾಗ ನಾನು ಅವರನ್ನು ಕೇಳಿದೆ: ‘ಕರಿಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಇನ್ನೂರು ಲೀಟರಿನ ಡ್ರಮ್ಮಿಗೆ ಮೈಲುತುತ್ತು ಎಷ್ಟು ಹಾಕುತ್ತೀರಿ?’ (ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್ ಎಂಬ ಲವಣ.) ಅವರು ತಲೆ ಎತ್ತದೆಯೇ, ‘ಎರಡು ಕೆ.ಜಿ. ಟೀಚರ್. ಸುಣ್ಣವೂ ಎರಡು. ಮೈಲುತುತ್ತಿನ ನೀರನ್ನೂ ಸುಣ್ಣದ ನೀರನ್ನೂ ಬೇರೆಬೇರೆ ಕಲಸಿಯೇ ಸೇರಿಸಬೇಕು’ ಎಂದರು. ನಾನು ಪ್ರಶ್ನೆಪತ್ರಿಕೆಯ ಆ ಸಾಲನ್ನು ತೋರಿಸಿ, ಇದೂ ಅದೇ ಅಲ್ಲವೇ ಎಂದೆ. ಅವರು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ‘ಅಗತ್ಯವಿರುವ ಲವಣದ ಪ್ರಮಾಣವನ್ನು’ ಎಂಬಲ್ಲಿಗೆ ಬಂದು ಬೆರಳು ನಿಂತಿತು. ಲೆಕ್ಕ ಅವರಿಗೆ ಬರುತ್ತಿತ್ತು. ಪ್ರಶ್ನೆ ಬರುತ್ತಿರಲಿಲ್ಲ.

ಅಂದಿನಿಂದ ನನ್ನ ಪಾಠದ ಕ್ರಮವೇ ಬದಲಾಯಿತು. ಈ ಹಂತದ ಪರೀಕ್ಷೆಯಲ್ಲಿ ದೊಡ್ಡವರು ಹಿಂದೆ ಬೀಳುವುದು ವಿಷಯ ತಿಳಿಯದೆ ಎನ್ನುವುದಕ್ಕಿಂತ, ಪ್ರಶ್ನೆಯನ್ನು ಕೊನೆಯ ತನಕ ಓದಿ ಅದು ಏನು ಕೇಳುತ್ತಿದೆ ಎಂದು ಹಿಡಿಯಲಾಗದೆ ಎಂಬುದು ನನ್ನ ಅನುಭವದಿಂದ ಬಂದ ನಂಬಿಕೆ. ಅದಕ್ಕೆ ನಮ್ಮ ಭಾಷೆಯ ಸ್ವಭಾವವೂ ಒಂದು ಕಾರಣ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ ಎಂಬುದೂ ಕೊನೆಗೇ. ‘ಕೆಳಗಿನವುಗಳಲ್ಲಿ ಕಾವೇರಿಯ ಉಪನದಿ ಯಾವುದು ಅಲ್ಲ?’ ಎಂದು ಕೇಳಿ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ತುಂಗಾ ಎಂದು ಕೊಟ್ಟರೆ, ‘ಉಪನದಿ’ ತನಕ ಓದಿದವರು ಸಂತೋಷದಿಂದ ಹಾರಂಗಿಗೆ ಗುರುತು ಹಾಕಿಬಿಡುತ್ತಾರೆ. ಕೂಡಿಗೆಯಲ್ಲಿ ಹಾರಂಗಿ ಕಾವೇರಿಗೆ ಸೇರುವುದನ್ನು ಕಣ್ಣಾರೆ ಕಂಡವರಿಗೆ ಅದಕ್ಕಿಂತ ಖಾತ್ರಿಯಾದ ಉತ್ತರ ಬೇರೆ ಇರುವುದಿಲ್ಲ. ಸಾಲಿನ ತುದಿಯಲ್ಲಿರುವ ‘ಅಲ್ಲ’ ಎಂಬ ಎರಡಕ್ಷರ ಅವರಿಗೆ ಕಂಡಿರುವುದಿಲ್ಲ. ಹಾಗಾಗಿ ನಮ್ಮ ತರಗತಿಯಲ್ಲಿ ಈಗ ಮೊದಲ ಆರು ವಾರ ಉತ್ತರ ಬರೆಯುವ ಕೆಲಸವೇ ಇಲ್ಲ. ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ಕೊನೆಯ ಪದಕ್ಕೆ ಅಡಿಗೆರೆ ಎಳೆಯುವುದು, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಏನನ್ನು ಸುಮ್ಮನೆ ಸೇರಿಸಿದ್ದಾರೆ ಎಂದು ತಮ್ಮ ಮಾತಿನಲ್ಲಿ ಹೇಳುವುದು. ಎರವ ಭಾಷೆಯಲ್ಲಿ ಹೇಳಲಿ, ಮಲಯಾಳದಲ್ಲಿ ಹೇಳಲಿ, ಅರೆಭಾಷೆಯಲ್ಲಿ ಹೇಳಲಿ, ನನಗೆ ಚಿಂತೆಯಿಲ್ಲ. ಹೇಳಲು ಬಂದರೆ ಪ್ರಶ್ನೆ ಅರ್ಥವಾಗಿದೆ ಎಂದು ಲೆಕ್ಕ.

ಭಾಷೆಯ ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಮನೆಮಾತು ಒಂದು, ಪೇಟೆ ಮಾತು ಇನ್ನೊಂದು, ಪುಸ್ತಕದ ಕನ್ನಡ ಮತ್ತೊಂದು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಜೇನುಕುರುಬರ ನುಡಿ, ಎರವರ ನುಡಿ ಇವೆಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಇವರೆಲ್ಲ ಕನ್ನಡವನ್ನು ಚೆನ್ನಾಗಿಯೇ ಆಡುತ್ತಾರೆ. ಆದರೆ ‘ಕ್ರಮವಾಗಿ’, ‘ಸರಾಸರಿ’, ‘ಅಂದಾಜು’, ‘ಅನುಪಾತ’, ‘ಉಳಿಕೆ’, ‘ಹೊರತುಪಡಿಸಿ’, ‘ಕನಿಷ್ಠ’ ಇಂತಹ ಪದಗಳು ಮಾತಿನಲ್ಲಿ ಬರುವುದು ಕಡಿಮೆ, ಪರೀಕ್ಷೆಯಲ್ಲಿ ಅವೇ ತೀರ್ಮಾನಿಸುವ ಪದಗಳು. ನಾನು ಇಂತಹ ನೂರಿಪ್ಪತ್ತು ಪದಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಕೆ ಬರೆದು ಗೋಡೆಗೆ ತೂಗುಹಾಕಿದ್ದೇನೆ. ದಿನಕ್ಕೆ ಮೂರು ಪದ, ಮೂರಕ್ಕೂ ತೋಟದ ಉದಾಹರಣೆ. ಸರಾಸರಿ ಎಂದರೆ ಏನೆಂದು ಸೂತ್ರದಿಂದ ಹೇಳಿಕೊಟ್ಟರೆ ಮರುದಿನಕ್ಕೆ ಮರೆತುಹೋಗುತ್ತದೆ. ಒಂದು ವಾರದ ಆರು ದಿನ 92, 105, 88, 110, 97, 108 ಕೆ.ಜಿ. ಕುಯ್ದರೆ ಒಟ್ಟು 600, ದಿನವೂ ಒಂದೇ ಸಮ ಕುಯ್ದಿದ್ದರೆ ನೂರು ನೂರು ಎಂದು ಹೇಳಿದರೆ ಮರೆಯುವುದಿಲ್ಲ.

ಶೇಕಡಾವಾರು ಲೆಕ್ಕಕ್ಕೂ ಹೊರಗಿನ ಉದಾಹರಣೆ ಬೇಕಾಗಿಲ್ಲ. 10-26-26 ಎಂದು ಬರೆದಿರುವ 50 ಕೆ.ಜಿ. ಗೊಬ್ಬರದ ಚೀಲವನ್ನು ಹೆಗಲ ಮೇಲೆ ಹೊತ್ತವರಿಗೆ ಆ ಅಂಕಿಗಳು ಯಾವುವೆಂದು ಯಾರೂ ಹೇಳಿರಲಿಲ್ಲ. ನೂರಕ್ಕೆ ಹತ್ತು ಸಾರಜನಕ, ಇಪ್ಪತ್ತಾರು ರಂಜಕ, ಇಪ್ಪತ್ತಾರು ಪೊಟ್ಯಾಷ್. ಹಾಗಾದರೆ ಐವತ್ತು ಕೆ.ಜಿ.ಗೆ ಐದು, ಹದಿಮೂರು, ಹದಿಮೂರು. ಇದನ್ನು ಹೇಳಿದ ದಿನ ಒಬ್ಬರು, ‘ಹಾಗಾದರೆ ಉಳಿದ ಹತ್ತೊಂಬತ್ತು ಕೆ.ಜಿ. ಏನು ಟೀಚರ್?’ ಎಂದು ಕೇಳಿದರು. ಕಳೆಯುವ ಲೆಕ್ಕವನ್ನು ನಾನು ಹೇಳಿರಲಿಲ್ಲ, ಅವರೇ ಮಾಡಿದ್ದರು. ಒಣ ಚೆರಿ 50 ಕೆ.ಜಿ. ಚೀಲದಿಂದ 28 ಕೆ.ಜಿ. ಕಾಫಿ ಬೀಜ ಬಂದರೆ ವ್ಯಾಪಾರಿ ‘ಔಟ್‌ಟರ್ನ್ 28’ ಎನ್ನುತ್ತಾರೆ, ಪರೀಕ್ಷೆಯ ಮಾತಿನಲ್ಲಿ ಅದು ಶೇ 56. ಎಕರೆಗೆ ನೂರು ಸೆಂಟು, ನಲವತ್ತು ಗುಂಟೆ, ಆದ್ದರಿಂದ ಗುಂಟೆಗೆ ಎರಡೂವರೆ ಸೆಂಟು. ಇವೆಲ್ಲ ಅವರ ಬಾಯಲ್ಲಿ ಇರುವ ಲೆಕ್ಕಗಳೇ. ಬಾಯಲ್ಲಿರುವುದನ್ನು ಕಾಗದಕ್ಕೆ ಇಳಿಸುವ ಅಭ್ಯಾಸವಷ್ಟೇ ತಯಾರಿಯ ದೊಡ್ಡ ಪಾಲು.

ಓದಿನ ಭಾಗಕ್ಕೆ ನಾನು ಕಥೆಗಳಿಗಿಂತ ಮೊದಲು ಪ್ರಕಟಣೆಗಳನ್ನು ಕೊಡುತ್ತೇನೆ. ಗ್ರಾಮಸಭೆಯ ನೋಟಿಸು, ಪಡಿತರದ ಸೂಚನೆ, ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸುವ ಅರ್ಜಿ, ಮಳೆಗಾಲದಲ್ಲಿ ಬರುವ ಹವಾಮಾನ ಎಚ್ಚರಿಕೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಎಚ್ಚರಿಕೆಯ ಪ್ರಕಟಣೆಯೊಂದನ್ನು ಓದಿಸಿದೆ. 24 ಗಂಟೆಗಳಲ್ಲಿ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರಿ ಮಳೆ ಎಂದು ಹವಾಮಾನ ಇಲಾಖೆ ಎಣಿಸುತ್ತದೆ, ರೆಡ್ ಅಲರ್ಟ್ ಅದಕ್ಕೆ. ಆ ಅಂಕಿ ಯಾರಿಗೂ ಏನನ್ನೂ ಹೇಳಲಿಲ್ಲ, ಏಕೆಂದರೆ ತೋಟದಲ್ಲಿ ಮಳೆ ಅಳೆಯುವುದು ಇಂಚು-ಸೆಂಟಿನಲ್ಲಿ (ಇಲ್ಲಿ ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು). ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಹಲಗೆಯ ಮೇಲೆ ಬರೆದು ಭಾಗಿಸಲು ಹೇಳಿದೆ. ಸಾಹುಕಾರರ ಅಂಗಳದ ಮಳೆಮಾಪಕ ನೋಡಿ ದಿನಾ ಪುಸ್ತಕದಲ್ಲಿ ಬರೆಸುವ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಎಲ್ಲರಿಗಿಂತ ಮೊದಲು, ‘ಎಂಟು ಇಂಚು ದಾಟುತ್ತದೆ’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದನ್ನು ಮರೆತವರು ಆ ಕೋಣೆಯಲ್ಲಿ ಇರಲಿಲ್ಲ. ದಶಮಾಂಶದ ಭಾಗಾಕಾರ, ಅಳತೆಯ ಪರಿವರ್ತನೆ, ಗದ್ಯಭಾಗ ಓದಿ ಅರ್ಥಮಾಡಿಕೊಳ್ಳುವುದು ಮೂರೂ ಆ ಒಂದು ಪ್ರಕಟಣೆಯಲ್ಲಿ ಮುಗಿಯಿತು. ಎಂಟನೇ ತರಗತಿ ಮಟ್ಟದ ಓದು ಎಂದರೆ ಹೀಗೆ ಇರಬೇಕು ಎಂದು ನನಗೆ ಅನಿಸಿದ್ದು ಅಂದು.

ಬರವಣಿಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅರ್ಜಿ, ಪತ್ರ, ಹತ್ತು ಸಾಲಿನ ಒಂದು ವರದಿ ಬಂದರೆ ಸಾಕು, ಒತ್ತಕ್ಷರ ಮತ್ತು ಅಲ್ಪಪ್ರಾಣ-ಮಹಾಪ್ರಾಣಗಳ ತಪ್ಪು ದಿನಾ ಬರೆದಂತೆ ಕಡಿಮೆಯಾಗುತ್ತದೆ. ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ಆರು, ಏಳು, ಎಂಟನೇ ತರಗತಿಯ ಪಠ್ಯಪುಸ್ತಕಗಳೇ ಸಾಕು.

ಒಂದು ವಿಷಯವನ್ನು ಮಾತ್ರ ಬಿಡಲಾರೆ, ಅದು ಕಣ್ಣಿನದು. ಮೂರು ತಿಂಗಳು ತಪ್ಪದೆ ಬಂದರೂ ಸಾಲುಗಳನ್ನು ತಪ್ಪಿಸಿ ಓದುತ್ತಿದ್ದ ಒಬ್ಬ ಹೆಂಗಸನ್ನು ನಾನು ಮನಸ್ಸಿನಲ್ಲೇ ‘ಇವರಿಗೆ ಹತ್ತುವುದಿಲ್ಲ’ ಎಂದು ಬಿಟ್ಟಿದ್ದೆ. ಒಂದು ದಿನ ಅವರು ಪುಸ್ತಕವನ್ನು ಕೈಯುದ್ದ ದೂರ ಹಿಡಿದು ಓದುವುದನ್ನು ಕಂಡು, ನನ್ನ ಚಾಳೀಸು ತೆಗೆದು ಕೊಟ್ಟೆ. ಅವರು ಹಾಕಿಕೊಂಡು ಇಡೀ ಪುಟ ಓದಿ ಮುಗಿಸಿದರು. ಆ ಮೂರು ತಿಂಗಳು ನಾನು ಅವರ ಬಗ್ಗೆ ತಪ್ಪು ಎಣಿಸಿದ್ದಕ್ಕೆ ಇಂದಿಗೂ ನೋವಿದೆ. ನಲವತ್ತು ದಾಟಿದ ಯಾರನ್ನೇ ತರಗತಿಗೆ ಸೇರಿಸಿಕೊಳ್ಳುವಾಗ ಮೊದಲು ಕಣ್ಣು ಪರೀಕ್ಷೆ ಮಾಡಿಸಬೇಕು, ಆಮೇಲೆ ಅವರ ಮಟ್ಟ ಯಾವುದೆಂದು ನೋಡಬೇಕು. ಮಟ್ಟ ನೋಡುವುದೂ ಅಷ್ಟೇ ಮುಖ್ಯ. ಆರನೇ ತರಗತಿಯಲ್ಲಿ ಬಿಟ್ಟವರು ಆರರ ಮಟ್ಟದಲ್ಲಿಯೇ ಇರುತ್ತಾರೆ ಎಂದುಕೊಳ್ಳುವುದು ತಪ್ಪು. ಲೆಕ್ಕದಲ್ಲಿ ಎಂಟನೆಯದನ್ನು ಮೀರಿದವರು ಓದಿನಲ್ಲಿ ಮೂರನೆಯದರಲ್ಲಿ ನಿಂತಿರುತ್ತಾರೆ. ಅಂಕ ಹಾಕದ, ಹೆದರಿಸದ ಒಂದು ಸಣ್ಣ ಪರೀಕ್ಷೆಯಿಂದ ಅದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಆಮೇಲೆ ಪ್ರತಿಯೊಬ್ಬರಿಗೂ ಬೇಕಾದ್ದನ್ನು ಬೇಕಾದಷ್ಟು ಕೊಡಬಹುದು. ಪರೀಕ್ಷೆಗೆ ಒಂದು ತಿಂಗಳು ಇರುವಾಗ ಪೂರ್ತಿ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ನಡುವೆ ಏಳದೆ ಒಂದೇ ಸಲಕ್ಕೆ ಕೂರಿಸಿ ಬರೆಸಬೇಕು. ದಿನವಿಡೀ ನಿಂತು ದುಡಿಯುವವರಿಗೆ ಬೆಂಚಿನ ಮೇಲೆ ಅಷ್ಟು ಹೊತ್ತು ಕೂತು ಪೆನ್ನು ಹಿಡಿಯುವುದು ಬೇರೆಯೇ ದುಡಿಮೆ, ಅದಕ್ಕೂ ಅಭ್ಯಾಸ ಬೇಕು.

ಇನ್ನು ಕಾಲದ ಪ್ರಶ್ನೆ. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಹಿಡಿದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಆಗುತ್ತದೆ. ಆ ತಿಂಗಳುಗಳಲ್ಲಿ ಕೆ.ಜಿ. ಲೆಕ್ಕದ ಕೂಲಿ ಇರುವುದರಿಂದ ಒಂದು ದಿನ ಬಿಟ್ಟರೂ ಇಡೀ ವರ್ಷದ ಸಂಪಾದನೆಗೆ ಪೆಟ್ಟು. ಜೂನ್-ಜುಲೈಯಲ್ಲಿ ನಾಟಿ, ಕಕ್ಕಡ ಮಾಸದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಬಿಡದೆ ಮಳೆ, ಕರೆಂಟಿಲ್ಲದ ವಾರಗಳು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಆನೆ ಯಾವ ಹೊತ್ತಿಗೆ ಎಲ್ಲಿ ನಿಂತಿರುತ್ತದೆ ಎಂದು ಹೇಳಲಾಗದು, ಹಾಗಾಗಿ ಕತ್ತಲಾದ ಮೇಲೆ ಯಾರನ್ನೂ ನಡೆದು ಹೋಗಲು ಬಿಡುವ ಹಾಗಿಲ್ಲ. ಸೆಪ್ಟೆಂಬರ್ ಆರಂಭದ ಕೈಲ್ ಪೋಳ್ದ್ ಹಬ್ಬ ಮುಗಿದು ಕುಯ್ಲು ಹಿಡಿಯುವ ತನಕದ ಎರಡು ತಿಂಗಳು, ಆಮೇಲೆ ಏಪ್ರಿಲ್-ಮೇ, ನಮಗೆ ದಕ್ಕುವ ಕಾಲ ಇಷ್ಟೇ. ಪರೀಕ್ಷೆಯ ದಿನ ಗೊತ್ತುಮಾಡುವವರು ಈ ಪಂಚಾಂಗವನ್ನು ಒಮ್ಮೆ ನೋಡಬೇಕು ಎಂದು ಕೈಮುಗಿದು ಕೇಳುತ್ತೇನೆ.

ಹೀಗೆ ಕೇಳಲು ಕಾರಣವಿದೆ. ಒಂದು ವರ್ಷ ನಮ್ಮ ಏಳು ಜನಕ್ಕೆ ಪರೀಕ್ಷಾ ಕೇಂದ್ರ ಬಹಳ ದೂರ ಬಿತ್ತು. ಕುಯ್ಲಿನ ನಡುವೆ ಒಂದು ದಿನದ ಕೂಲಿ ಬಿಟ್ಟು, ಸೇರಿ ಬಾಡಿಗೆ ಕೊಟ್ಟು, ಜೀಪಿನಲ್ಲಿ ಹೊರಟರು. ದಾರಿಯಲ್ಲಿ ಆನೆಗಳು ರಸ್ತೆ ದಾಟುವ ತನಕ ಜೀಪು ನಿಲ್ಲಿಸಬೇಕಾಯಿತು. ಕೇಂದ್ರ ತಲುಪುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಅಲ್ಲಿದ್ದವರು ಒಳಗೆ ಬಿಡಲಿಲ್ಲ. ನಿಯಮ ನಿಯಮವೇ, ನಾನು ಅದನ್ನು ದೂರುವುದಿಲ್ಲ. ಆದರೆ ಬಾಗಿಲಲ್ಲಿ ಒಬ್ಬರು, ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಯಾಕೆ ಎಂದರಂತೆ. ಆ ಏಳು ಜನರಲ್ಲಿ ಮೂವರು ಮತ್ತೆ ತರಗತಿಗೆ ಬರಲಿಲ್ಲ. ನಾನು ಅವರ ಲೈನ್‌ಮನೆಗೆ ಎರಡು ಸಲ ಹೋಗಿ ಬಂದೆ. ಟೀ ಕೊಟ್ಟು ಕೂರಿಸಿ ಚೆನ್ನಾಗಿ ಮಾತಾಡಿದರು, ಪುಸ್ತಕದ ಮಾತು ಮಾತ್ರ ಎತ್ತಲಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇದು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ ಈ ಐದು ತಾಲ್ಲೂಕುಗಳಲ್ಲಿಯೂ ಈ ಹಂತದ ಪರೀಕ್ಷೆಗೆ ಒಂದೊಂದು ಕೇಂದ್ರ ಇರಲಿ, ಪ್ರಶ್ನೆಪತ್ರಿಕೆಯೂ ಓದುವ ಸಾಮಗ್ರಿಯೂ ದೊಡ್ಡ ಅಕ್ಷರದ ಕನ್ನಡದಲ್ಲಿ ಸಿಗಲಿ, ದಿನಾಂಕ ಕನಿಷ್ಠ ಎರಡು ತಿಂಗಳು ಮೊದಲೇ ತಿಳಿಯಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಮಕ್ಕಳಿಗಾಗಿ ಒಳ್ಳೆಯ ಕೆಲಸ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಆ ಕೋಣೆಯನ್ನು ದೊಡ್ಡವರಿಗೆ ಬಿಟ್ಟುಕೊಟ್ಟರೆ ಆನೆಯ ಭಯವೂ ಕತ್ತಲೆಯ ಭಯವೂ ಇಲ್ಲದೆ ಪಾಠ ನಡೆಸಬಹುದು. ಹಾಲುಣ್ಣುವ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರಿಗೆ ಅಲ್ಲಿ ಒಂದು ಚಾಪೆಯ ಜಾಗ ಇದ್ದರೆ ಸಾಕು. ತೋಟದ ಮಾಲೀಕರಲ್ಲಿ ಕೇಳುವುದು ಇನ್ನೂ ಕಡಿಮೆ: ಪರೀಕ್ಷೆಯ ದಿನಕ್ಕೆ ಕೂಲಿ ಕಡಿಯದ ರಜೆ, ಮತ್ತು ಸಾಧ್ಯವಾದರೆ ತೋಟದ ಜೀಪು. ನನ್ನ ಪರಿಚಯದ ಒಬ್ಬ ಬೆಳೆಗಾರರು ತಾವಾಗಿಯೇ ಕಣದ ಪಕ್ಕದ ಗೋದಾಮಿಗೆ ಬಲ್ಬು ಹಾಕಿಸಿ, ‘ಕುಯ್ಲು ಹಿಡಿಯುವ ತನಕ ಇದು ನಿಮ್ಮದೇ ಶಾಲೆ’ ಎಂದಿದ್ದಾರೆ. ಅಂತಹವರು ಈ ಜಿಲ್ಲೆಯಲ್ಲಿ ಇನ್ನೂ ಬಹಳ ಜನ ಇರುತ್ತಾರೆ, ಅವರಿಗೆ ವಿಷಯ ತಿಳಿಯಬೇಕಷ್ಟೇ.

ನಿವೃತ್ತ ಶಿಕ್ಷಕ ಮಿತ್ರರಿಗೂ, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಈ ಹಂತದ ಕಲಿಕೆಗೆ ಬರುವವರನ್ನು ಮಕ್ಕಳ ಹಾಗೆ ಏಕವಚನದಲ್ಲಿ ಕರೆಯಬೇಡಿ. ಅವರ ಮುಂದೆ ‘ಇಷ್ಟು ಸುಲಭದ್ದು ಬರುವುದಿಲ್ಲವೇ’ ಎನ್ನಬೇಡಿ. ಪ್ರಶ್ನೆ ತಯಾರಿಸುವ ಮೊದಲು ಒಂದು ಬೆಳಿಗ್ಗೆ ಅವರ ಜೊತೆ ತೋಟದಲ್ಲಿ ಕಳೆಯಿರಿ, ಒಂದು ಸಂಜೆ ಚೀಲ ತೂಗುವಲ್ಲಿ ನಿಲ್ಲಿರಿ. ಒಂದು ವರ್ಷಕ್ಕೆ ಬೇಕಾಗುವಷ್ಟು ಲೆಕ್ಕ ಅಲ್ಲೇ ಸಿಗುತ್ತದೆ.

ನಮ್ಮ ತರಗತಿ ಈ ತಿಂಗಳು ಮತ್ತೆ ಆರಂಭವಾಗಿದೆ. ಮದ್ದು ಹೊಡೆಯುವವರು ಮೊದಲ ದಿನವೇ ಬಂದು ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ಮಡಿಕೆ ಬಿಡಿಸಿ ಮುಂದಿಟ್ಟರು. ಪ್ರತಿ ಪ್ರಶ್ನೆಯ ಕೊನೆಯ ಪದಕ್ಕೂ ಪೆನ್ಸಿಲಿನಿಂದ ಅಡಿಗೆರೆ ಎಳೆದಿದ್ದರು, ಉತ್ತರ ಒಂದಕ್ಕೂ ಬರೆದಿರಲಿಲ್ಲ. ‘ಮೊದಲು ಓದಿ ನೋಡಿದೆ ಟೀಚರ್, ಇಪ್ಪತ್ತೊಂದು ಅರ್ಥವಾಯಿತು, ನಾಲ್ಕು ಆಗಲಿಲ್ಲ’ ಎಂದರು. ಆ ನಾಲ್ಕರ ಮೇಲೆ ಈ ವಾರ ಪಾಠ ನಡೆಯುತ್ತಿದೆ. ಆರರಿಂದ ಎಂಟನೇ ತರಗತಿಯ ಹಳೆಯ ಕನ್ನಡ ಮಾಧ್ಯಮದ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ ಹತ್ತಿರದ ಪಂಚಾಯಿತಿ ಗ್ರಂಥಾಲಯಕ್ಕೆ ತಲುಪಿಸಬೇಕೆಂದೂ, ಮುಂದಿನ ಪರೀಕ್ಷೆಯ ದಿನಾಂಕ ಮತ್ತು ಅರ್ಜಿ ಸಲ್ಲಿಸುವ ಕ್ರಮವನ್ನು ಇಲಾಖೆಯವರು ತಮ್ಮ ಪತ್ರಿಕೆಯ ಮೂಲಕವೇ ಕುಯ್ಲು ಹಿಡಿಯುವುದರೊಳಗೆ ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಸಿದ್ದಾಪುರ, ಕೊಡಗು